ಪರಭಾಷೆಯಲ್ಲಿ ಪ್ರಾರ್ಥನೆ

ರಷ್ಯಾದ ತ್ವೇರ್ ಪಟ್ಟಣದ ವರ್ತಕನಾದ ಅಫನಾಸಿ ನಿಕಿತಿನನು 1470ರ ಸುಮಾರಿನಲ್ಲಿ, ಮಹಮೂದ್ ಗಾವಾನನ ಮಂತ್ರಿತ್ವದ ಕಾಲದಲ್ಲಿ, ಬೀದರಿಗೆ ಬಂದನು. ಆತನ 'ಮೂರು ಸಮುದ್ರಗಳಾಚೆಯ ಯಾತ್ರೆ'ಯನ್ನು ಇತಿಹಾಸಕಾರರು ಸುಲ್ತಾನನ ಮೆರವಣಿಗೆಯ ಆನೆಗಳಿಗಾಗಿಯೂ ಪೇಟೆಯ ಧಾರಣೆಗಾಗಿಯೂ ಓದುವರು. ಅದಕ್ಕಿಂತ ವಿಚಾರಾರ್ಹವಾದುದು ಅದರ ಭಾಷೆ. ರಷ್ಯನ್ನಿನಲ್ಲಿ ಬರೆಯುತ್ತ ಬರೆಯುತ್ತ ಆತನು, ಲಿಪಿಯನ್ನು ಬದಲಿಸದೆಯೇ, ತುರ್ಕಿ ಪಾರಸಿ ಅರಬ್ಬಿಗಳು ಕಲೆತ ನುಡಿಗೆ ಹೊರಳಿಬಿಡುವನು.

ತಾಯ್ನುಡಿಯಲ್ಲಿ ಮೊದಲೇ ಸಿದ್ಧವಾದ ಭಾವಕ್ಕೆ ತೊಡಿಸುವ ಉಡುಪೇ ಪರಭಾಷೆಯೆಂದು ಹಲವರು ತಿಳಿದಿರುವರು. ಹಾಗಿದ್ದರೆ ಈ ಹೊರಳು ಎಲ್ಲೆಂದರಲ್ಲಿ ಬರಬೇಕಾಗಿತ್ತು. ಹೆಣ್ಣಿನ ಸಂಗದ ಬೆಲೆಯನ್ನು ಹೇಳುವಲ್ಲಿ ನಾಚಿಕೆಯು ಪರಭಾಷೆಯ ಮರೆಹೊಗುವುದು. ತನ್ನ ನಾಡಿನಂಥ ನಾಡಿಲ್ಲವೆಂದು ಕೊಂಡಾಡಿ, ಅಲ್ಲಿಯ ಪ್ರಭುಗಳಲ್ಲಿ ನ್ಯಾಯವಿಲ್ಲವೆಂದು ಕೊರಗುವಾಗಲೂ ಅಷ್ಟೆ. ಆ ಮಾತನ್ನು ರಷ್ಯನ್ನಿನಲ್ಲಿ ಬರೆದಿದ್ದರೆ ಊರಿಗೆ ಮರಳಿದ ಮೇಲೆ ತಲೆಗೇ ಬರಬಹುದಾಗಿತ್ತು! ಆದರೆ ದೇವರ ವಿಷಯದಲ್ಲಿ ಮರೆಮಾಡುವುದೇನಿತ್ತು? ಅದೇ ಪ್ರಾರ್ಥನೆಯಲ್ಲಿ ಆತನು ದೇವರನ್ನು ಅರಬ್ಬಿ, ಪಾರಸಿ, ರಷ್ಯನ್, ತುರ್ಕಿ ಹೆಸರುಗಳಿಂದ ಒಂದರ ಹಿಂದೊಂದಾಗಿ ಕರೆಯುವನು. ಗ್ರಂಥವು ಮುಗಿಯುವುದೂ ಅರಬ್ಬಿಯ ಪ್ರಾರ್ಥನೆಯಿಂದಲೇ.

ಇದರಿಂದ ಆತನು ಮತಾಂತರಗೊಂಡನೆಂದು ಊಹಿಸಿದ ವಿದ್ವಾಂಸರುಂಟು. ಊಹೆ ಅವಸರದ್ದು. ಜುನ್ನರಿನಲ್ಲಿ ಖಾನನು ಕುದುರೆಯನ್ನು ಕಿತ್ತುಕೊಂಡು ಮತವನ್ನು ಬಿಡೆಂದಾಗ ಒಪ್ಪದವನು ಆತನು; ಧರ್ಮಗ್ರಂಥಗಳು ದಾರಿಯಲ್ಲಿ ದರೋಡೆಗೆ ಸಿಕ್ಕಿ ಹೋದಮೇಲೆ ಹಬ್ಬದ ದಿನ ತಿಳಿಯದೆ ಅಂದಾಜಿನಿಂದ ಉಪವಾಸ ಹಿಡಿದವನು. ಹೊತ್ತಗೆಯೂ ಗುಡಿಯೂ ಇಲ್ಲದೆ ವರ್ಷಗಳು ಉರುಳಿದಾಗ, ಸುತ್ತಲೂ ದಿನವೂ ಕೇಳುತ್ತಿದ್ದ ದೇವನಾಮವೇ ಕಿವಿಯಿಂದ ನಾಲಗೆಗೆ ಇಳಿಯಿತೆನ್ನಬೇಕು. ಶಬ್ದದಿಂದ ಬೇರೆಯಾದ ಅರಿವಿಲ್ಲವೆಂದ ಭರ್ತೃಹರಿಯ ಮತಕ್ಕೆ ಇದಕ್ಕಿಂತ ಮರುಕದ ಸಾಕ್ಷ್ಯ ದೊರೆಯುವುದು ಕಷ್ಟ. ಮನೆಯಲ್ಲೊಂದು, ಸಂತೆಯಲ್ಲೊಂದು ನುಡಿಯಾಡಿ ಬೆಳೆದ ಬಗದಲ್, ಭಾಲ್ಕಿ, ಔರಾದಗಳ ಓದುಗರಿಗಂತೂ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಕಲಿತ ನುಡಿಯು ಕಾಣುವ ಕಣ್ಣಿಗೆ ಎಲ್ಲೆಯನ್ನೂ ಹಾಕುವುದು. ಗ್ರಂಥದ ಕೊರತೆಯಿರುವುದು ಇಲ್ಲಿ. ಖ್ವಾಜಾ ಯೂಸುಫ್ ಖುರಾಸಾನಿಯೆಂದು ಹೆಸರಿಟ್ಟುಕೊಂಡಿದ್ದ ಆತನು, ಬೀದರಿನ ಹಿಂದೂಗಳಿಗೆ ತಾನು ಮುಸಲ್ಮಾನನಲ್ಲವೆಂದು ತಿಳಿಸಿ, ಅವರ ವಿಶ್ವಾಸವನ್ನು ಗಳಿಸಿ, ಅವರೊಡನೆ ಶ್ರೀಶೈಲದ ಜಾತ್ರೆಗೂ ಹೋದನು. ಕ್ಷೇತ್ರವನ್ನು ಯಾತ್ರಿಕರು ಕರೆಯುವಂತೆ 'ಪರ್ವತ'ವೆಂದೇ ಬರೆದನು. ಗುಡಿಗೆ ಮಾತ್ರ ಪಾರಸಿಯ 'ಬುತ್‌ಖಾನಾ', ಒಳಗಿನ ದೇವರಿಗೆ 'ಬುತ್'. ಮಲ್ಲಿಕಾರ್ಜುನನೆಂಬ ಹೆಸರು ಆತನ ಬರಹಕ್ಕೆ ಏರಲಿಲ್ಲ.