ಮಡಿಕೆಯ ಮೈಮೇಲಿನ ಕಡಲು

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಟೀಸ್ ವಸ್ತುಸಂಗ್ರಹಾಲಯವಿದೆ. ಅಲ್ಲಿನ ಗ್ರೀಕ್ ಮಡಿಕೆಗಳ ಮುಂದೆ ನಿಂತವರ ಮನಸ್ಸು ಅವಕ್ಕಿಂತ ಹಳೆಯದಾದ ಕ್ರೀಟ್ ದ್ವೀಪದ ಮಿನೋವನ್ ಕುಂಬಾರಿಕೆಯತ್ತ ಹೋಗದೆ ಇರದು.

ಎಂಥ ಕೈಚಳಕ ಅದು! ಸುಮಾರು 3,800 ವರ್ಷ ಹಳೆಯ ಕಾಮಾರೆಸ್ ಎಂಬ ಮಿನೋವನ್ ಶೈಲಿಯ ಬಟ್ಟಲುಗಳಲ್ಲಿ ಕೆಲವು ಮೊಟ್ಟೆಯ ಚಿಪ್ಪಿನಷ್ಟು ತೆಳು. ಕಪ್ಪು ಲೇಪದ ಮೇಲೆ ಬಿಳಿ, ಕೆಂಪು, ಕಿತ್ತಳೆ ಸುರುಳಿಗಳು. ಇವುಗಳ ಚೂರುಗಳು ಈಜಿಪ್ಟಿನಲ್ಲೂ ಸಿಕ್ಕಿವೆ. ಹಡಗಿನ ವ್ಯಾಪಾರಕ್ಕೆ ಅವೇ ಸಾಕ್ಷಿ.

ಕ್ರಿ.ಪೂ. 1500ರ ಸುಮಾರಿನ ಹೂಜಿಯೊಂದು ಕ್ರೀಟ್ ದ್ವೀಪದ ಪಾಲೈಕಾಸ್ಟ್ರೋದಲ್ಲಿ ಸಿಕ್ಕಿದೆ; ಅದರ ಮೇಲಿನ ಆಕ್ಟೋಪಸ್ ಇನ್ನೂ ಸೊಗಸು. ಅದು ನೇರ ನಿಂತಿಲ್ಲ, ಓರೆಯಾಗಿ ತೇಲುತ್ತಿದೆ. ತೋಳುಗಳು ಹೂಜಿಯ ದುಂಡು ಮೈಯನ್ನು ಬಳಸಿ ಹರಡಿವೆ. ತೋಳಿನುದ್ದಕ್ಕೂ ಹೀರುಬಟ್ಟಲುಗಳ ಸಾಲು. ಉಳಿದ ಜಾಗದಲ್ಲೆಲ್ಲ ಕಡಲಪಾಚಿ, ಕಡಲಜೀವಿಗಳು. ಕಡಲನ್ನು ದಿನವೂ ಕಂಡವನಷ್ಟೇ ಹೀಗೆ ಬರೆದಾನು.

ಮತ್ತೆ ಟೀಸ್‌ಗೆ ಬರೋಣ. ಅಲ್ಲಿನ ಗ್ರೀಕ್ ಮಡಿಕೆಗಳಿರುವ ಲೋಗಿ ಸಂಗ್ರಹವನ್ನು 1957ರಲ್ಲಿ ಕಟ್ಟಲಾರಂಭಿಸಿದವರು ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಮರಿಯನ್ ಸ್ಟೀವನ್. ಕ್ರೈಸ್ಟ್‌ಚರ್ಚ್ ಅನ್ನು ನಡುಗಿಸಿದ ಭೂಕಂಪದಲ್ಲಿ ಒಡೆದ ಹಲವು ಪಾತ್ರೆಗಳನ್ನು ಸಂರಕ್ಷಕರು ತಾಳ್ಮೆಯಿಂದ ಮತ್ತೆ ಜೋಡಿಸಿದ್ದಾರೆ. ಆ ಊರಿನ ಕನ್ನಡಿಗರೇ, ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿ. ಮಡಿಕೆಯ ಹಿಂಬದಿಯನ್ನೂ ನೋಡಲು ಮರೆಯಬೇಡಿ.