ಹಾಗಲಕಾಯಿಯ ಕಿಣ್ವವೂ ದೊಡ್ಡಬಳ್ಳಾಪುರದ ಕೆರೆಗಳೂ: ಒಂದು ವಿಮರ್ಶೆ

ಸಸ್ಯಜನ್ಯ ಕಿಣ್ವಗಳಿಂದ ಕಲುಷಿತ ಜಲವನ್ನು ಶುದ್ಧಿಗೊಳಿಸಬಹುದೆಂಬ ವಿಚಾರವು ಈಚಿನ ದಶಕಗಳಲ್ಲಿ ವಿದ್ವಾಂಸರ ಗಮನವನ್ನು ಸೆಳೆದಿದೆ. ನಾವು ರಸಾಯನಶಾಸ್ತ್ರಜ್ಞರಲ್ಲ, ಇತಿಹಾಸದ ಅಧ್ಯಾಪಕರು. ಆದರೂ ಒಂದು ಸಾಧನದ ಯೋಗ್ಯತೆಯನ್ನು ಅದು ಬಳಕೆಗೆ ಬರಬೇಕಾದ ಸ್ಥಳದಲ್ಲಿಟ್ಟು ಪರೀಕ್ಷಿಸುವ ಹಕ್ಕು ಇತಿಹಾಸಕ್ಕೂ ಉಂಟು. ನಾವು ಆರಿಸಿಕೊಂಡಿರುವ ಸ್ಥಳ ದೊಡ್ಡಬಳ್ಳಾಪುರ.

ಅದು ಮಗ್ಗಗಳ ಊರು; ನೂಲಿಗೆ ಬಣ್ಣ ಹಾಕುವುದು ಅಲ್ಲಿಯ ಕಸುಬಿನ ಅಂಗ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ಈ ತಾಲ್ಲೂಕಿನ ಕೆರೆಗಳ ಮೂಲಕ ಹೆಸರಘಟ್ಟದತ್ತ ಹರಿಯುತ್ತದೆ. 1894ರಲ್ಲಿ ಬೆಂಗಳೂರಿಗೆ ಕೊಳವೆಯ ನೀರು ಬಂದುದು ಆ ಹೆಸರಘಟ್ಟದಿಂದಲೇ. ಈಗಲಾದರೋ ಪಟ್ಟಣದ ಚರಂಡಿಯ ನೀರೂ ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶದ ನೀರೂ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳನ್ನು ಸೇರುತ್ತಿವೆಯೆಂದು ಗ್ರಾಮಸ್ಥರು ವರ್ಷಗಳಿಂದ ದೂರುತ್ತ ಬಂದಿದ್ದಾರೆ.

ಇನ್ನು ಸಾಧನದ ವಿಚಾರ. ಇದ್ದಿಲಿಗೆ ಅಂಟಿದ ಕಿಣ್ವವೂ ತನ್ನ ಶಕ್ತಿಯನ್ನು ಉಳಿಸಿಕೊಳ್ಳುತ್ತದೆಂದು ನೆಲ್ಸನ್ ಮತ್ತು ಗ್ರಿಫಿನ್ 1916ರಲ್ಲಿಯೇ ತೋರಿಸಿದ್ದರು. 1980ರ ದಶಕದಲ್ಲಿ ಅಮೆರಿಕದ ಕ್ಲಿಬಾನೊವ್ ಮತ್ತು ಸಂಗಡಿಗರು ಹಾರ್ಸ್‌ರ್ಯಾಡಿಷ್ ಎಂಬ ಗಿಡದ ಬೇರಿನ ಪೆರಾಕ್ಸಿಡೇಸ್ ಕಿಣ್ವವನ್ನು ನೀರಿನ ಶುದ್ಧಿಗೆ ಬಳಸಿದರು. ಹೈಡ್ರೊಜನ್ ಪೆರಾಕ್ಸೈಡ್ ಇದ್ದಾಗ ಈ ಕಿಣ್ವವು ಫೀನಾಲುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಬೆಸೆದ ವಸ್ತುವು ನೀರಿನಲ್ಲಿ ಕರಗದೆ ತಳಕ್ಕಿಳಿಯುತ್ತದೆ. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ಕಯ್ಯೂಮ್ ಹುಸೇನ್ ಮತ್ತು ಸಹೋದ್ಯೋಗಿಗಳು ನಮ್ಮ ಹಾಗಲಕಾಯಿಯ ಪೆರಾಕ್ಸಿಡೇಸನ್ನೇ ಕ್ಯಾಲ್ಸಿಯಂ ಆಲ್ಜಿನೇಟಿನ ಮಣಿಗಳಲ್ಲಿ ನೆಲೆಗೊಳಿಸಿ ಜವಳಿಯ ಬಣ್ಣಗಳ ಮೇಲೆ ಪ್ರಯೋಗಿಸಿದರು. ದುಬಾರಿಯಾದ ವಿದೇಶೀ ಬೇರಿನ ಬದಲು ಸಂತೆಯಲ್ಲಿ ದೊರಕುವ ಕಾಯಿ. ಒಮ್ಮೆ ಬಳಸಿದ ಮಣಿಯನ್ನು ಮತ್ತೆ ಬಳಸುವ ಅನುಕೂಲ. ಈ ಎರಡು ಗುಣಗಳನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ.

ಆದರೆ ಮೂರು ಆಕ್ಷೇಪಗಳಿವೆ. ಮೊದಲನೆಯದು, ಈ ಬಗೆಯ ಅಧ್ಯಯನಗಳು ಫಲವನ್ನು ಮುಖ್ಯವಾಗಿ ಬಣ್ಣದ ಇಳಿಕೆಯಿಂದ ಅಳೆಯುತ್ತವೆ. ಬಣ್ಣ ಹೋದ ಮಾತ್ರಕ್ಕೆ ವಿಷ ಹೋಯಿತೆಂದು ಹೇಳಲಾಗದು. ಭಾರಲೋಹಗಳು ಈ ಕಿಣ್ವಕ್ಕೆ ಜಗ್ಗುವುದಿಲ್ಲ, ತಳಕ್ಕಿಳಿದ ರಾಡಿಗೂ ಒಂದು ಗತಿ ಕಾಣಿಸಬೇಕು. ಎರಡನೆಯದು, ಹಠಮಾರಿಯಾದ ಕೆಲವು ಬಣ್ಣಗಳಿಗೆ ಮಧ್ಯವರ್ತಿಯಾದ ಇನ್ನೊಂದು ರಾಸಾಯನಿಕ ಬೇಕಾಗುತ್ತದೆ. ಅದೂ ನೀರಿನಲ್ಲಿ ಉಳಿಯಬಹುದು. ಮೂರನೆಯದು, ನಮ್ಮ ದೃಷ್ಟಿಯಲ್ಲಿ ಅತಿ ಮುಖ್ಯವಾದುದು, ಫಾಸ್ಫೇಟು ಆಲ್ಜಿನೇಟಿನ ಮಣಿಯಿಂದ ಕ್ಯಾಲ್ಸಿಯಮ್ಮನ್ನು ಸೆಳೆದುಕೊಂಡು ಅದನ್ನು ಸಡಿಲಗೊಳಿಸುತ್ತದೆ. ಊರಿನ ಬಚ್ಚಲು ನೀರಿನಲ್ಲಿ, ಸಾಬೂನುಪುಡಿಯ ದೆಸೆಯಿಂದ, ಫಾಸ್ಫೇಟು ಇದ್ದೇ ಇರುತ್ತದೆ.

ಇದರಿಂದ ಹೊರಡುವ ತೀರ್ಮಾನ ಸ್ಪಷ್ಟ. ಎಲ್ಲ ನೀರೂ ಬೆರೆತು ಕೆರೆಗೆ ಬಿದ್ದ ಮೇಲೆ ಹಾಗಲಕಾಯಿಯಿಂದ ಪವಾಡವನ್ನು ನಿರೀಕ್ಷಿಸುವುದು ಸಲ್ಲದು. ಬಣ್ಣದ ತೊಟ್ಟಿಯಿಂದ ಹೊರಬಿದ್ದ ನೀರು, ಚರಂಡಿಯನ್ನು ಸೇರುವುದಕ್ಕೆ ಮೊದಲು, ಆ ಘಟಕದ ಅಂಗಳದಲ್ಲಿಯೇ ಈ ಚಿಕಿತ್ಸೆಗೆ ಒಳಗಾದರೆ ಪ್ರಯೋಜನವುಂಟು. ಹಿಂದೆ ಕೆರೆಯ ಹೂಳೆತ್ತುವ, ಏರಿ ಕಾಯುವ ಹೊಣೆ ಇಂಥವರದೆಂದು ಗೊತ್ತಿರುತ್ತಿತ್ತು; ಶಾಸನಗಳು ಇದಕ್ಕೆ ಸಾಕ್ಷಿ. ಕಿಣ್ವವು ಕೊಳೆಯನ್ನು ಹಿಡಿಯಬಲ್ಲದು, ಹೊಣೆಯನ್ನು ಹೊರಲಾರದು. ನಮ್ಮ ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಸೀಸೆಯ ನೀರಿನಲ್ಲಿ ಮುಗಿಸದೆ, ದೊಡ್ಡಬಳ್ಳಾಪುರದ ಬಣ್ಣದ ತೊಟ್ಟಿಯ ಬಳಿಗೆ ಒಯ್ಯುವರೆಂದು ಹಾರೈಸುತ್ತೇವೆ.