ಕೃತಜ್ಞತೆಯೋ ಪ್ರೇಮವೋ: ಒಂದು ವಿಡಿಯೋ ಆಟದ ಪ್ರಣಯಕಥನದಲ್ಲಿ ಭಾಷಾಂತರ ಮತ್ತು ಪಾಠಾಂತರ

ಮೌಖಿಕ ಪರಂಪರೆಯ ಅಧ್ಯಯನದಲ್ಲಿ 'ಮೂಲ' ಎಂಬ ಪದವನ್ನು ಎಚ್ಚರದಿಂದ ಬಳಸಬೇಕಾಗುತ್ತದೆ. ಒಂದು ಕಥೆ ಊರಿಂದೂರಿಗೆ, ಬಾಯಿಂದ ಬಾಯಿಗೆ ಸಾಗುವಾಗ ತಳೆಯುವ ರೂಪಗಳಲ್ಲಿ ಯಾವುದನ್ನೂ ಅಶುದ್ಧವೆಂದು ತಳ್ಳಿಹಾಕದೆ, ಪ್ರತಿಯೊಂದನ್ನೂ ಪಾಠಾಂತರವೆಂದು ಪರಿಗಣಿಸುವುದು ಜಾನಪದ ವಿದ್ವಾಂಸರ ಕ್ರಮ. ಮುದ್ರಿತ ಕೃತಿಯ ಭಾಷಾಂತರದ ವಿಷಯ ಬಂದಾಗ ಮಾತ್ರ ನಿಷ್ಠೆ, ದ್ರೋಹಗಳ ಪರಿಭಾಷೆ ತಲೆದೋರುತ್ತದೆ. ವಿಡಿಯೋ ಆಟವು ಈ ಎರಡರ ನಡುವೆ ನಿಲ್ಲುವ ಕಥನಪ್ರಕಾರವಾಗಿದೆ. ಅದು ಲಿಖಿತ ಸಂಭಾಷಣೆಯನ್ನು ಆಧರಿಸಿದ್ದರೂ ಧ್ವನಿ, ಅಭಿನಯ ಮತ್ತು ಆಡುವವನ ಪಾಲ್ಗೊಳ್ಳುವಿಕೆಯಿಂದ ಪ್ರದರ್ಶನವಾಗಿ ರೂಪುಗೊಳ್ಳುತ್ತದೆ. ಇಂತಹ ಕಥನವೊಂದರಲ್ಲಿ ಒಂದೇ ಒಂದು ಪದದ ಭಾಷಾಂತರವು ಇಡೀ ಪ್ರಣಯದ ಅರ್ಥವನ್ನು ಹೇಗೆ ನಿರ್ದೇಶಿಸಬಲ್ಲದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಇಲ್ಲಿ ಆಯ್ದುಕೊಂಡಿರುವ ಪಠ್ಯ ಜಪಾನಿನ ಸ್ಕ್ವೇರ್ ಸಂಸ್ಥೆ 2001ರಲ್ಲಿ ಹೊರತಂದ 'ಫೈನಲ್ ಫ್ಯಾಂಟಸಿ' ಸರಣಿಯ ಹತ್ತನೆಯ ಆಟ. ಕಝುಶಿಗೆ ನೋಜಿಮಾ ಇದರ ಕಥನಕಾರರು. ಸರಣಿಯ ಮುಖ್ಯ ಆಟಗಳಲ್ಲಿ ಪಾತ್ರಗಳು ದನಿಯೆತ್ತಿ ಮಾತನಾಡಿದ್ದು ಇದರಲ್ಲಿಯೇ ಮೊದಲು. ಅದೇ ವರ್ಷದ ಕೊನೆಯಲ್ಲಿ ಇದರ ಇಂಗ್ಲಿಷ್ ರೂಪ ಉತ್ತರ ಅಮೆರಿಕದಲ್ಲಿ ಪ್ರಕಟವಾಯಿತು. ಅದರ ಮುಖ್ಯ ಭಾಷಾಂತರಕಾರರಲ್ಲಿ ಅಲೆಕ್ಸಾಂಡರ್ ಓ. ಸ್ಮಿತ್ ಒಬ್ಬರು.

ಕಥೆಯ ಸ್ಥೂಲ ರೂಪ ಹೀಗಿದೆ. ಸ್ಪಿರಾ ಎಂಬ ಲೋಕವನ್ನು 'ಸಿನ್' ಎಂಬ ಮಹಾಮೃಗ ಮತ್ತೆ ಮತ್ತೆ ನಾಶಪಡಿಸುತ್ತಿರುತ್ತದೆ. ಅದನ್ನು ಕೆಲಕಾಲದ ಮಟ್ಟಿಗಾದರೂ ಅಡಗಿಸಲು ಆವಾಹನೆಯ ಶಕ್ತಿಯುಳ್ಳ ಯೂನಾ ಎಂಬ ಹದಿನೇಳರ ತರುಣಿ ಯಾತ್ರೆ ಹೊರಡುತ್ತಾಳೆ. ಯಾತ್ರೆಯ ಕೊನೆಯ ವಿಧಿಯಲ್ಲಿ ಅವಳು ಸಾಯಲೇಬೇಕು. ಇದು ಸಂಗಡಿಗರಿಗೆಲ್ಲ ತಿಳಿದಿದೆ. ಬೇರೊಂದು ಲೋಕದಿಂದ ಬಂದ, ಅವಳನ್ನು ಪ್ರೀತಿಸತೊಡಗಿದ ತರುಣನೊಬ್ಬನಿಗೆ ಮಾತ್ರ ತಿಳಿದಿಲ್ಲ. ತಿಳಿದ ಮೇಲೆ ಅವನು ಆ ವಿಧಿಯನ್ನೇ ಒಪ್ಪದೆ ಬೇರೆ ದಾರಿಯನ್ನು ಹುಡುಕುತ್ತಾನೆ. ಆದರೆ ಅವನು ನಿದ್ರಿಸುತ್ತಿರುವ ಆತ್ಮಗಳು ಕಾಣುತ್ತಿರುವ ಕನಸು. ಗೆಲುವಿನ ನಂತರ ಆ ಆತ್ಮಗಳು ಕನಸು ಕಾಣುವುದನ್ನು ನಿಲ್ಲಿಸುತ್ತವೆ, ಅವನು ಕರಗಿಹೋಗುತ್ತಾನೆ. ಈ ಸಂಗತಿಯನ್ನು ಅರಿತ ಮೇಲೂ ಅವನು ಅವಳಿಗೆ ಹೇಳುವುದಿಲ್ಲ.

ಕಥನದ ಹೆಣಿಗೆಯಲ್ಲಿರುವ ಸಮತೋಲ ಗಮನಾರ್ಹವಾದುದು. ಮೊದಲ ಭಾಗದಲ್ಲಿ ಅವಳ ಸಾವು ಅವಳಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಉತ್ತರ ಭಾಗದಲ್ಲಿ ಅವನ ಅಳಿವು ಅವನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅಂತಿಮ ದೃಶ್ಯದಲ್ಲಿ, ಹಾರುನೌಕೆಯ ಮೇಲೆ, ಅವಳು ಅವನತ್ತ ಓಡಿ ಅವನ ದೇಹದ ಮೂಲಕವೇ ಹಾದು ನೆಲಕ್ಕೆ ಬೀಳುತ್ತಾಳೆ. ಎದ್ದು ನಿಂತು, ಅವನಿಗೆ ಬೆನ್ನು ಮಾಡಿಯೇ ಒಂದು ಮಾತು ಹೇಳುತ್ತಾಳೆ. ಜಪಾನಿ ರೂಪದಲ್ಲಿ ಆ ಮಾತು 'ಅರಿಗತೋ'. ಇಂಗ್ಲಿಷ್ ರೂಪದಲ್ಲಿ ಅದು 'ಐ ಲವ್ ಯೂ'.

ಅಭಿಮಾನಿ ಸಮುದಾಯದಲ್ಲಿ ಈ ಪಲ್ಲಟ ದೀರ್ಘಕಾಲದ ಚರ್ಚೆಗೆ ವಸ್ತುವಾಗಿದೆ. ಇಂಗ್ಲಿಷ್ ರೂಪವನ್ನು ಮೊದಲು ಆಡಿದವರು ಆ ಮಾತನ್ನು ಪ್ರೇಮದ ಘೋಷಣೆಯಾಗಿ ಸ್ವೀಕರಿಸಿದರು. ಅಷ್ಟರವರೆಗೆ ಮೌನವಾಗಿದ್ದ ಪ್ರಣಯ ಆ ಕ್ಷಣದಲ್ಲಿ ಬಾಯಿಬಿಟ್ಟಿತೆಂಬುದು ಅವರ ಓದು. ಜಪಾನಿ ರೂಪವನ್ನು ಬಲ್ಲವರಲ್ಲಿ ಒಂದು ವರ್ಗ ಇದನ್ನು ಅಪಭಾಷಾಂತರವೆಂದೂ, ಸಂಯಮದ ಬೀಳ್ಕೊಡುಗೆಯನ್ನು ಹಾಲಿವುಡ್ ಮಾದರಿಗೆ ಇಳಿಸಲಾಯಿತೆಂದೂ ಆಕ್ಷೇಪಿಸಿತು. ಈ ಎರಡು ನಿಲುವುಗಳಿಗೂ ಅವುಗಳದೇ ಆದ ಮಿತಿಗಳಿವೆ.

ಆಕ್ಷೇಪದ ಹಿಂದೆ 'ಅರಿಗತೋ' ಎಂದರೆ ಇಂಗ್ಲಿಷಿನ 'ಥ್ಯಾಂಕ್ ಯೂ' ಎಂಬ ನಂಬಿಕೆ ಇದೆ. ಇದು ಸಹ ಒಂದು ಭಾಷಾಂತರವೇ ಹೊರತು ಮೂಲವಲ್ಲ. ಅಂಗಡಿಯವನಿಗೂ ಸಲ್ಲುವ ಶಿಷ್ಟಾಚಾರದ ಪದ ಅಂತಹ ಬೀಳ್ಕೊಡುಗೆಯಲ್ಲಿ ಇಂಗ್ಲಿಷ್ ಕಿವಿಗೆ ತಣ್ಣಗೆ ಕೇಳಿಸುವ ಸಂಭವವಿತ್ತು. 'ಅರಿಗತೋ' ಪದದ ಹುಟ್ಟು 'ಇರುವುದೇ ಕಷ್ಟ, ಅಪರೂಪ' ಎಂಬ ಅರ್ಥದ ಹಳೆಯ ರೂಪದಲ್ಲಿದೆ. ನಿತ್ಯದ ಬಳಕೆಯಲ್ಲಿ ಯಾರೂ ಈ ವ್ಯುತ್ಪತ್ತಿಯನ್ನು ಕೇಳಿಸಿಕೊಳ್ಳುವುದಿಲ್ಲವಾದರೂ, ಇರುವಿಕೆಯೇ ಅಪರೂಪವಾದ ಕನಸಿನ ಮನುಷ್ಯನಿಗೆ ಆ ಪದ ಸಲ್ಲುವುದು ಆಕಸ್ಮಿಕವಾಗಿಯಾದರೂ ಅರ್ಥಪೂರ್ಣ. ಇದರ ಜೊತೆಗೆ ತಾಂತ್ರಿಕ ನಿರ್ಬಂಧವೂ ಇತ್ತು. ಮುಖಚಲನೆ ಮೊದಲೇ ಸಿದ್ಧವಾಗಿದ್ದ ದೃಶ್ಯಗಳಿಗೆ ಇಂಗ್ಲಿಷ್ ಮಾತನ್ನು ಅದೇ ಅವಧಿಯಲ್ಲಿ ಹೊಂದಿಸಬೇಕಾಗಿತ್ತು. ಹೀಗೆ ಭಾಷಾಂತರಕಾರ ಇಲ್ಲಿ ಛಂದಸ್ಸಿನ ಕಟ್ಟಿಗೆ ಒಳಗಾದ ಕವಿಯ ಸ್ಥಿತಿಯಲ್ಲಿರುತ್ತಾನೆ.

ಪ್ರೇಮದ ಮಾತನ್ನು ಹೇಳುವ ಬಗೆ ಆಧುನಿಕ ಜಪಾನಿನಲ್ಲಿಯೇ ಐತಿಹ್ಯಗಳಿಗೆ ವಸ್ತುವಾಗಿರುವುದನ್ನು ಇಲ್ಲಿ ನೆನೆಯಬೇಕು. 'ಐ ಲವ್ ಯೂ' ಎಂಬುದನ್ನು 'ಚಂದ್ರ ಚೆಲುವಾಗಿದ್ದಾನೆ' ಎಂದು ಅನುವಾದಿಸಿದರೆ ಸಾಕೆಂದು ಕಾದಂಬರಿಕಾರ ನತ್ಸುಮೆ ಸೋಸೆಕಿ ಶಿಷ್ಯರಿಗೆ ಹೇಳಿದರೆಂಬ ಕಥೆ ಜನಜನಿತವಾಗಿದೆ. ಅವರ ಬರಹಗಳಲ್ಲಿ ಇದಕ್ಕೆ ಆಧಾರ ದೊರೆತಿಲ್ಲ. ಫುತಾಬತೆಯಿ ಶಿಮೆಯಿ 1896ರಲ್ಲಿ ತುರ್ಗೆನೆವನ 'ಆಸ್ಯ' ಕಥೆಯನ್ನು ಅನುವಾದಿಸುವಾಗ, 'ನಿಮ್ಮವಳು' ಎಂಬರ್ಥದ ನಾಯಕಿಯ ಒಂದು ರಷ್ಯನ್ ಪದಕ್ಕೆ 'ಸತ್ತರೂ ಸರಿಯೇ' ಎಂಬ ಜಪಾನಿ ಮಾತನ್ನು ಬಳಸಿದರು. ಜನರ ಬಾಯಲ್ಲಿ ಇದು ಕಾಲಕ್ರಮದಲ್ಲಿ 'ಐ ಲವ್ ಯೂ' ಎಂಬುದರ ಅನುವಾದವೆಂದೇ ಪ್ರಚಲಿತವಾಯಿತು. ಪ್ರೇಮವನ್ನು ನೇರವಾಗಿ ನುಡಿಯದಿರುವುದೇ ತಮ್ಮ ಭಾಷೆಯ ಗುಣವೆಂದು ಸಮುದಾಯವೊಂದು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಕಥೆಗಳಿವು. ಸ್ಮಿತ್ ಅವರ ಆಯ್ಕೆ ಇದೇ ದಾರಿಯಲ್ಲಿ ವಿರುದ್ಧ ದಿಕ್ಕಿಗೆ ನಡೆದಿದೆ.

ಹಾಗೆಂದು ಇಂಗ್ಲಿಷ್ ರೂಪದಲ್ಲಿ ಏನೂ ನಷ್ಟವಾಗಿಲ್ಲವೆಂದು ಹೇಳಲಾಗದು. ನಷ್ಟವು ಪದದ ಅರ್ಥದಲ್ಲಿ ಆಗಿಲ್ಲ, ಸಂಬಂಧದ ಸ್ವರೂಪದಲ್ಲಿ ಆಗಿದೆ. ಯಾತ್ರೆಯುದ್ದಕ್ಕೂ ಯೂನಾ ಜನರ ಭರವಸೆಯನ್ನು ಹೊತ್ತವಳು, ತನ್ನನ್ನು ಕೊಡಲೆಂದೇ ಹೊರಟವಳು. ಲೋಕವೇ ಅವಳಿಗೆ ಋಣಿ. ಕೊನೆಯಲ್ಲಿ ಅವಳೇ ಮತ್ತೊಬ್ಬನ ಕೊಡುಗೆಯಿಂದ ಬದುಕುಳಿದವಳಾಗುತ್ತಾಳೆ. ಸದಾ ಕೊಡುವವಳು ಪಡೆದವಳಾಗಿ ನುಡಿಯುವ ಮೊದಲ ಮಾತು 'ಅರಿಗತೋ'. ಮೇಲೆ ಹೇಳಿದ ಸಮತೋಲ ಅದರಲ್ಲಿ ಪೂರ್ಣಗೊಳ್ಳುತ್ತದೆ. 'ಐ ಲವ್ ಯೂ' ಎಂಬಲ್ಲಿ ಆ ಸಮತೋಲ ಮರೆಯಾಗಿ, ಬಲಿದಾನದ ಕಥೆ ಇಬ್ಬರ ಖಾಸಗಿ ಪ್ರಣಯವಾಗಿ ಮುಗಿಯುತ್ತದೆ.

ಜಪಾನಿನ ಜನಪದ ಕಥೆಗಳಲ್ಲಿ ಈ ಬಗೆಯ ಋಣಪ್ರಜ್ಞೆಗೆ ಬಲವಾದ ಪರಂಪರೆಯಿದೆ. ತನ್ನನ್ನು ಉಳಿಸಿದ ಗಂಡಸಿನ ಮನೆಗೆ ಹೆಣ್ಣಾಗಿ ಬಂದು, ತನ್ನದೇ ಗರಿಗಳಿಂದ ಬಟ್ಟೆ ನೇಯ್ದು, ಗುಟ್ಟು ಬಯಲಾದಾಗ ಹಾರಿಹೋಗುವ ಕೊಕ್ಕರೆಯ ಕಥೆ ಸುಪ್ರಸಿದ್ಧ. ಅದರ ಪ್ರಚಲಿತ ಹೆಸರಿನಲ್ಲಿಯೇ 'ಋಣ ತೀರಿಸುವಿಕೆ' ಎಂಬ ಅರ್ಥದ ಪದವಿದೆ. ಮಾನವ ಮತ್ತು ಮಾನವೇತರರ ಕೂಟ, ತ್ಯಾಗ, ಅಗಲಿಕೆ ಎಂಬ ಆಶಯಗಳ ಸರಣಿ ಪ್ರಸ್ತುತ ಆಟದಲ್ಲಿಯೂ ಕಾಣಿಸುತ್ತದೆ. ಇಂತಹ ಕಥೆಗಳಲ್ಲಿ ಪ್ರೇಮ ಮತ್ತು ಋಣ ಬೇರೆ ಬೇರೆ ಭಾವಗಳಲ್ಲ. ಕನ್ನಡದ 'ಋಣಾನುಬಂಧ' ಎಂಬ ಪದವನ್ನು ಬಲ್ಲ ಓದುಗರಿಗೆ ಇದು ಅಪರಿಚಿತವಾಗಲಾರದು. ಮನೆಯೊಳಗಿನ ಆಪ್ತರ ನಡುವೆ 'ಧನ್ಯವಾದ' ಎಂಬ ಪದವೂ 'ಪ್ರೀತಿಸುತ್ತೇನೆ' ಎಂಬ ಪದವೂ ಸಮಾನವಾಗಿ ಕೃತಕವೆನಿಸುವ ಕನ್ನಡದಲ್ಲಿ, ಆ ದೃಶ್ಯಕ್ಕೆ ಮೂರನೆಯದೇ ಒಂದು ಮಾತು ಬೇಕಾಗುತ್ತಿತ್ತು.

ಭಾಷಾಂತರದ ಪ್ರಭಾವ ಕೊನೆಯ ಮಾತಿಗಷ್ಟೇ ಸೀಮಿತವಲ್ಲ. ನಾಯಕನ ಜಪಾನಿ ಹೆಸರು 'ಟೀಡಾ' ಓಕಿನಾವಾದ ನುಡಿಯಲ್ಲಿ ಸೂರ್ಯನನ್ನು, 'ಯೂನಾ' ರಾತ್ರಿಯನ್ನು ಸೂಚಿಸುತ್ತವೆ. ಇಂಗ್ಲಿಷಿನ ಬರಹದಲ್ಲಿ 'ಟೀಡಾ' ಎಂಬುದು 'ಟೈಡಸ್' ಎಂದೋ 'ಟೀಡಸ್' ಎಂದೋ ಓದಬಹುದಾದ ರೂಪ ತಳೆದು, ಸೂರ್ಯ ಮತ್ತು ರಾತ್ರಿಯ ಜೋಡಿ ಅಳಿಸಿಹೋಯಿತು. ಆಡುವವನು ನಾಯಕನ ಹೆಸರನ್ನು ಬದಲಿಸಬಹುದಾದ್ದರಿಂದ ಆಟದಲ್ಲಿ ಯಾರೂ ಅವನನ್ನು ಹೆಸರಿಡಿದು ಕರೆಯುವುದಿಲ್ಲ. ಹೀಗಾಗಿ ಹೆಸರಿನ ಉಚ್ಚಾರಣೆಯೇ ಅಭಿಮಾನಿಗಳ ವಿವಾದವಾಯಿತು. ಹೆಸರಿನ ಅರ್ಥ ಹಿಂದೆ ಸರಿಯಿತು.

ಇದಕ್ಕೆ ವ್ಯತಿರಿಕ್ತವಾಗಿ ಭಾಷಾಂತರಗೊಳ್ಳದ ಅಂಶಗಳು ಎರಡೂ ಸಮುದಾಯಗಳನ್ನು ಒಂದುಗೂಡಿಸಿವೆ. ಅಮಾಮಿ ದ್ವೀಪದ ಜನಪದ ಗಾಯನ ಪರಂಪರೆಯಿಂದ ಬಂದ ರಿಕ್ಕಿ ಹಾಡಿದ 'ಸುತೆಕಿ ದಾ ನೆ' ಗೀತೆಯನ್ನು ಇಂಗ್ಲಿಷ್ ರೂಪದಲ್ಲಿಯೂ ಜಪಾನಿ ನುಡಿಯಲ್ಲೇ ಉಳಿಸಿಕೊಳ್ಳಲಾಯಿತು. ಅವನು ಅವಳಿಗೆ ಕಲಿಸುವ ಶಿಳ್ಳೆ ಮತ್ತೊಂದು ನಿದರ್ಶನ. ಶಿಳ್ಳೆ ಹಾಕಿದರೆ ಬರುತ್ತೇನೆಂಬುದು ಅವನ ಮಾತು. ಸಮಾಪ್ತಿಯಲ್ಲಿ ಅವಳು ಬಂದರಿನ ಅಂಚಿನಲ್ಲಿ ನಿಂತು ಶಿಳ್ಳೆ ಹಾಕುತ್ತಾಳೆ, ಯಾರೂ ಬರುವುದಿಲ್ಲ. ಈ ಆಶಯಕ್ಕೆ ಭಾಷೆಯ ಹಂಗಿಲ್ಲ. ಅದು ಎಲ್ಲ ರೂಪಗಳಲ್ಲೂ ಅಖಂಡವಾಗಿ ದಾಟಿದೆ.

ಮೈಸೂರಿನಲ್ಲಿ ಹುಟ್ಟಿದ ವಿದ್ವಾಂಸ ಎ. ಕೆ. ರಾಮಾನುಜನ್ ರಾಮಾಯಣದ ಬಹುರೂಪಗಳನ್ನು ಕುರಿತು 1991ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಭಾಷಾಂತರವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮೂಲದ ವಿನ್ಯಾಸವನ್ನು ಉಳಿಸಿಕೊಳ್ಳುವುದು ಒಂದು; ಸ್ಥಳೀಯ ಸಂದರ್ಭದಲ್ಲಿ ನೆಲೆಗೊಳ್ಳುವುದು ಇನ್ನೊಂದು; ಅದೇ ಕಥೆ, ಅದೇ ಪಾತ್ರಗಳ ಮೂಲಕ ಬೇರೆಯದೇ ಮಾತನ್ನು ಹೇಳುವುದು ಮೂರನೆಯದು. ಈ ನೆಲೆಯಲ್ಲಿ ಇಂಗ್ಲಿಷ್ ರೂಪದ ಬಹುಭಾಗ ಮೊದಲ ಬಗೆಯದು. ಕೊನೆಯ ಮಾತು ಎರಡನೆಯದಾಗಿ ಉದ್ದೇಶಿತವಾಗಿದ್ದು, ಪರಿಣಾಮದಲ್ಲಿ ಮೂರನೆಯದರ ಅಂಚನ್ನು ಮುಟ್ಟುತ್ತದೆ. ಕಳೆದುಹೋದವನನ್ನು ಯೂನಾ ಅರಸುವ ಕಥೆಯುಳ್ಳ ಮುಂದುವರಿದ ಭಾಗ 2003ರಲ್ಲಿ ಪ್ರಕಟವಾಯಿತು. ಪ್ರೇಮವನ್ನು ನುಡಿದವಳ ಅರಸುವಿಕೆ ಕೊಟ್ಟ ಮಾತಿನ ಪಾಲನೆಯಾಗಿ ತೋರುತ್ತದೆ. ಋಣವನ್ನು ನುಡಿದವಳ ಅರಸುವಿಕೆ ತೀರದ ಋಣದ ಬೆನ್ನುಹತ್ತುವಿಕೆಯಾಗಿ ತೋರುತ್ತದೆ.

2002ರಲ್ಲಿ ಜಪಾನಿನಲ್ಲಿಯೇ ಇಂಗ್ಲಿಷ್ ಧ್ವನಿ ಮತ್ತು ಜಪಾನಿ ಅಡಿಬರಹವುಳ್ಳ ಆವೃತ್ತಿ ಹೊರಬಂದುದರಿಂದ ಪಾಠಾಂತರವು ತವರಿಗೂ ಮರಳಿತು. ಆ ಬಳಿಕ ಎರಡು ಮಾತುಗಳೂ ಒಂದೇ ಕಥೆಯ ಸಂಪತ್ತಾಗಿವೆ. ಆದ್ದರಿಂದ ಯಾವುದು ಸರಿ ಎಂಬ ಪ್ರಶ್ನೆಗಿಂತ, ಯಾವ ಮಾತು ಯಾವ ಸಂಬಂಧವನ್ನು ಕಾಣಿಸುತ್ತದೆ, ಯಾವುದನ್ನು ಮರೆಸುತ್ತದೆ ಎಂಬ ಪ್ರಶ್ನೆಯೇ ವಿಮರ್ಶೆಗೆ ಉಚಿತವಾದುದು. ಪಾಠಾಂತರಗಳೆಲ್ಲ ಅಧಿಕೃತವೆಂದು ಒಪ್ಪಿದ ಮಾತ್ರಕ್ಕೆ ಅವು ಸಮಾನವೆಂದು ಒಪ್ಪಿದಂತಾಗುವುದಿಲ್ಲ. ಇಂಗ್ಲಿಷ್ ರೂಪ ತನ್ನ ಕೇಳುಗರಿಗೆ ಪ್ರೇಮವನ್ನು ಸಂದೇಹಕ್ಕೆಡೆಯಿಲ್ಲದಂತೆ ಮುಟ್ಟಿಸಿದೆ. ಆದರೆ ಉಳಿದವಳು ಅಳಿದವನಿಗೆ ಸಲ್ಲಿಸಬೇಕಾದುದೇನು ಎಂಬ ಕಥೆಯ ಹಿರಿದಾದ ಪ್ರಶ್ನೆ ಜಪಾನಿ ರೂಪದ ಆ ಒಂದು ಪದದಲ್ಲಿಯೇ ಉಳಿದಿದೆ.